ಗೊರಗೊರ ಡಬ್ಬಿಯ ಆಯ್ಕೆ

ಹೊನ್ನಾವರದಲ್ಲಿ ನಾನು ಒಂದು ದಿನಪತ್ರಿಕೆಯ ತಾಲೂಕು ವರದಿಗಾರನಾಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸುದ್ದಿ ಬರೆದು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕಿತ್ತು. ತೀರಾ ತುರ್ತಾದರೆ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್. ಇದರ ಜೊತೆಗೆ ಕುಮಟಾದ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಪತ್ರಿಕೆಯವರಿಗೆ ಇದು ಗೊತ್ತಿತ್ತು, ಆಕ್ಷೇಪವಿರಲಿಲ್ಲ. ಅವರು ಹಾಕಿದ್ದು ಒಂದೇ ಷರತ್ತು: ನಮ್ಮ ತಂಡದ ಕಾರ್ಯಕ್ರಮದ ಸುದ್ದಿಯನ್ನು ನಾನೇ ಬರೆಯಕೂಡದು.

ತಂಡದ ಯಜಮಾನರು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರು, ಕೀಬೋರ್ಡ್ ನುಡಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರು ಎಂದೇ ಕರೆಯುತ್ತಿದ್ದೆವು. ಸಿನಿಮಾ ಹಾಡು ಕ್ಯಾಸೆಟ್‌ನಲ್ಲಿ ಹೇಗಿದೆಯೋ ವೇದಿಕೆಯ ಮೇಲೂ ಹಾಗೆಯೇ ಬರಬೇಕು ಎಂಬುದು ಅವರ ಕಾನೂನು. ಭಾನುವಾರದ ಅಭ್ಯಾಸಕ್ಕೆ ಟೇಪ್‌ರೆಕಾರ್ಡರ್ ತರುತ್ತಿದ್ದರು. ಹಾಡಿನ ನಡುವೆ ಬರುವ ಒಂದೊಂದು ವಾದ್ಯದ ತುಣುಕನ್ನೂ ಕೇಳಿಸಿ, ಗುಂಡಿ ಒತ್ತಿ ನಿಲ್ಲಿಸಿ, ಆ ವಾದ್ಯದವನ ಕಡೆ ನೋಡುತ್ತಿದ್ದರು. ಅವನು ನುಡಿಸಿದ ಮೇಲೆ ತೀರ್ಪು. "ಬಂತು" ಅಥವಾ "ಬಂದಿಲ್ಲ." ಮೂರನೆಯ ಮಾತು ಇರಲಿಲ್ಲ.

ಆ ಕಾಲದ ಹಾಡುಗಳಲ್ಲಿ ಗಿಟಾರಿನ ಒರಟು ದನಿ ಬಹಳ ಬರುತ್ತಿತ್ತು. ತಂತಿಯ ಸಾದಾ ಸ್ವರವನ್ನು ಬೇಕೆಂದೇ ಹರಿದು, ಗರಗಸದಂತೆ ಮಾಡಿ ಕಳಿಸುವ ಡಬ್ಬಿಯೊಂದು ಅದಕ್ಕೆ ಬೇಕು. ಗಿಟಾರಿಗೂ ಸ್ಪೀಕರಿಗೂ ನಡುವೆ ಅದನ್ನು ಇಟ್ಟು, ಬೇಕಾದಾಗ ಕಾಲಿನಿಂದ ಒತ್ತುವುದು. ಡಿಸ್ಟಾರ್ಶನ್ ಪೆಡಲ್ ಎಂದು ಅದರ ಹೆಸರು. ನಮ್ಮ ತಂಡದಲ್ಲಿ ಗೊರಗೊರ ಡಬ್ಬಿ.

ನನ್ನ ಡಬ್ಬಿ ಓಂ ಬೀಚಿನಿಂದ ಬಂದದ್ದು. ಅಲ್ಲಿಯ ಗುಡಿಸಲು ಹೋಟೆಲುಗಳ ಬಗ್ಗೆ ವರದಿ ಮಾಡಲು ಹೋಗಿದ್ದಾಗ, ಊರಿಗೆ ಹೊರಟಿದ್ದ ಒಬ್ಬ ವಿದೇಶಿ ತನ್ನ ಸಾಮಾನುಗಳನ್ನು ಚಾಪೆಯ ಮೇಲೆ ಹರವಿ ಮಾರುತ್ತಿದ್ದ. ಬೂದು ಬಣ್ಣದ ಕಬ್ಬಿಣದ ಡಬ್ಬಿ, ಮೇಲೆ ಎರಡು ತಿರುಪು, ಒಳಗೆ ಎರಡು ಟ್ರಾನ್ಸಿಸ್ಟರ್. ಅರವತ್ತರ ದಶಕದ ಮಾದರಿಯನ್ನು ನೋಡಿ ತಾನೇ ಕಟ್ಟಿದ್ದು, ಟ್ರಾನ್ಸಿಸ್ಟರ್ ಮಾತ್ರ ಆ ಕಾಲದ್ದೇ ಎಂದ. ಕೊಂಡುಕೊಂಡೆ. ಅದರಲ್ಲಿ ಒಂದು ಗುಣವಿತ್ತು. ಗಿಟಾರಿನ ಮೇಲಿನ ವಾಲ್ಯೂಮ್ ತಿರುಪನ್ನು ಸ್ವಲ್ಪ ಇಳಿಸಿದರೆ ಒರಟು ದನಿ ತಾನಾಗಿ ತಿಳಿಯಾಗುತ್ತಿತ್ತು; ಏರಿಸಿದರೆ ಮತ್ತೆ ಹರಿಯುತ್ತಿತ್ತು. ಕಾಲಿನ ಕೆಲಸವೇ ಇರಲಿಲ್ಲ.

ಮತ್ತೊಂದು ಗುಣವೂ ಇತ್ತು. ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಜನವರಿಯಲ್ಲಿ ಹೆಬಳೆಯ ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಬೆಳಿಗ್ಗೆ ಒಂದು ಹಾಡಿನ ಗಿಟಾರ್ ತುಣುಕು ನುಡಿಸಿದಾಗ ಮಾಸ್ತರು ಕೀಬೋರ್ಡಿನಿಂದ ತಲೆ ಎತ್ತಿ "ಬಂತು" ಎಂದಿದ್ದರು. ಅದೇ ತಿಂಗಳು ಹೊನ್ನಾವರದಲ್ಲಿ, ತಗಡಿನ ಚಪ್ಪರದಡಿ ಮಧ್ಯಾಹ್ನ ಎರಡು ಗಂಟೆಗೆ, ಅದೇ ಹಾಡಿನ ಅದೇ ಜಾಗದಲ್ಲಿ ದನಿ ತೆಳ್ಳಗಾಗಿ, ತುಂಡು ತುಂಡಾಗಿ, ಕೊನೆಗೆ ಹೊಟ್ಟೆ ಗುಡುಗುಡು ಎಂದಂತಾಯಿತು.

"ಮಾಸ್ತರೆ, ಅವ್ನ ಡಬ್ಬಿಗೆ ಬ್ಯಾಟ್ರಿ ಹಾಕೂದು ಬೇಡ," ಎಂದ ರಿದಂ ಪ್ಯಾಡ್ ನುಡಿಸುವವ. "ಓಮದ ನೀರು ಕುಡ್ಸಿ."

ಮಾಸ್ತರು ನಗಲಿಲ್ಲ. ಅವರು ಆ ವರ್ಷ ಹೊಸ ಕೀಬೋರ್ಡ್ ತಂದಿದ್ದರು. ಅದರ ಒಂದು ಗುಂಡಿಯಲ್ಲಿ ಗಿಟಾರಿನ ಒರಟು ದನಿಯೂ ಇತ್ತು. ಅದೇ ಹೊತ್ತಿಗೆ ಕುಮಟಾದಲ್ಲಿ ಒಬ್ಬ ಗಾಯಕಿ ಸಿಕ್ಕಿದ್ದಳು. ಅಲ್ಲಿಯವರೆಗೆ ನಮ್ಮ ಗಾಯಕನೇ ಯುಗಳ ಗೀತೆಯ ಎರಡೂ ದನಿಯಲ್ಲಿ ಹಾಡುತ್ತಿದ್ದ. ಶಾಲೆಗಳಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತಿತ್ತು, ಮದುವೆ ಮನೆಯವರು ಮಾತ್ರ ಈಚೆಗೆ ಒಪ್ಪುತ್ತಿರಲಿಲ್ಲ. ವ್ಯಾನಿನಲ್ಲಿ ಸಾಮಾನು ತುಂಬಿದ ಮೇಲೆ ಏಳು ಜನಕ್ಕೆ ಜಾಗ. ಏಳೂ ಭರ್ತಿಯಾಗಿತ್ತು.

"ನೋಡು, ಮುಚ್ಚುಮರೆ ಎಂತದೂ ಇಲ್ಲ," ಎಂದರು ಮಾಸ್ತರು, ನನ್ನನ್ನು ಪಕ್ಕಕ್ಕೆ ಕರೆದು. "ಆ ಹುಡ್ಗಿ ಚಲೋ ಹಾಡ್ತದೆ. ಕರ್ಕೊಳ್ಳೂದೇ ಸೈ. ಹಂಗಾರೆ ಒಬ್ರು ಇಳೀಬೇಕು. ಗಿಟಾರ್ ಪೀಸು ನನ್ನ ಕೀಬೋರ್ಡಲ್ಲೂ ಬರ್ತದೆ. ನಿನ್ನ ಡಬ್ಬಿ ಒಂದಿನ ಬರ್ತದೆ, ಒಂದಿನ ಬರೂದಿಲ್ಲ."

"ಸೀಸನ್ ಮುಗಿಯೂವರೆಗೆ ನೋಡಿ, ಮಾಸ್ತರೆ," ಎಂದೆ.

"ಆತು. ಮಳೆ ಹಿಡಿಯೂವರೆಗೆ. ಅಷ್ಟ್ರೊಳಗೆ ಪ್ರತಿ ಸಲ ಬರೂ ಹಾಂಗೆ ಮಾಡ್ಕೋ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ತಂಡ ಬಿಡಲು ಮನಸ್ಸೂ ಇರಲಿಲ್ಲ. ವಾರವಿಡೀ ಅಪಘಾತ, ಸಭೆ, ಮನವಿ ಸಲ್ಲಿಕೆ ಬರೆಯುವವನಿಗೆ ಆ ವ್ಯಾನಿನ ಕಿಟಕಿ ಪಕ್ಕದ ಸೀಟು ಬೇಕಾಗಿತ್ತು.

ಭಟ್ಕಳದ ಬಸ್ ನಿಲ್ದಾಣದ ಹತ್ತಿರ ಒಬ್ಬರು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ನವಾಯತಿ ಮನೆಮಾತಿನ, ಐವತ್ತು ದಾಟಿದ ಸಾಹೇಬರು. ಅವರ ತಮ್ಮ ದುಬೈಯಲ್ಲಿದ್ದ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟೆ. ಸ್ಕ್ರೂ ಬಿಚ್ಚಿ, ಕನ್ನಡಕ ಮೇಲೇರಿಸಿ ನೋಡಿ ನಕ್ಕರು.

"ಅರೆ, ಇದು ನಮ್ ಹಳೇ ದೋಸ್ತ್. ಜರ್ಮೇನಿಯಂ."

"ಅಂದ್ರೆ?"

"ಹಳೇ ಪಾಕೆಟ್ ರೇಡಿಯೋದಲ್ಲಿ ಬರ್ತಿತ್ತಲ್ಲ, ಆ ಜಾತಿ ಟ್ರಾನ್ಸಿಸ್ಟರ್. ಬೆಳಿಗ್ಗೆ ಬರಾಬರ್ ಹಾಡ್ತದೆ. ಬಂದರದಲ್ಲಿ ಮೀನು ಹರಾಜು ಮಾಡೂವಾಗ ಬಿಸಿಲಿಗೆ ಇಟ್ರೆ ಹನ್ನೆರಡು ಗಂಟೆಗೆ ಹುಚ್ಚು ಹಿಡೀತದೆ. ಜನ ನನ್ನತ್ರ ತರ್ತಿದ್ರು. ನಾನು ಒಂದು ತಾಸು ನೆರಳಲ್ಲಿ ಇಟ್ಟು ವಾಪಸ್ ಕೊಡ್ತಿದ್ದೆ. ರಿಪೇರಿ ಆಯ್ತು ಅಂತ ಸಲಾಮ್ ಹೊಡ್ದು ಹೋಗ್ತಿದ್ರು."

ನಂತರ ಬಂದ ಸಿಲಿಕಾನ್ ಟ್ರಾನ್ಸಿಸ್ಟರಿಗೆ ಈ ತೊಂದರೆ ಅಷ್ಟಿಲ್ಲ ಎಂದರು. ಅದೇ ನಕ್ಷೆಯಲ್ಲಿ, ಎರಡು ಸಿಲಿಕಾನ್ ಹಾಕಿ ಇನ್ನೊಂದು ಡಬ್ಬಿ ಕಟ್ಟಿಕೊಡುವುದಾಗಿ ಒಪ್ಪಿದರು. ತಮ್ಮನಿಗೆ ಹೇಳಿ ದುಬೈಯಿಂದ ಕಂಪನಿಯ ಹೊಸ ಡಬ್ಬಿಯೊಂದನ್ನೂ ತರಿಸಿದರು. ಅದರ ರಟ್ಟಿನ ಪೆಟ್ಟಿಗೆಯ ಮೇಲೆ ಹಳೆಯ ಕಾಲದ ದನಿ, ಹೊಸ ಕಾಲದ ಭರವಸೆ ಎಂಬರ್ಥದ ಇಂಗ್ಲಿಷ್ ಸಾಲು ಇತ್ತು.

ಮೂರೂ ಕೈಗೆ ಬಂದ ಮೇಲೆ ಪರೀಕ್ಷೆ ಮಾಡಿದೆವು. ನಾನು ಮೇಜಿನ ಈಚೆ ಗಿಟಾರ್ ಹಿಡಿದು ಕೂತೆ. ಸಾಹೇಬರು ಆಚೆ, ಟವೆಲ್ಲಿನ ಕೆಳಗೆ ಡಬ್ಬಿಗಳನ್ನು ಮುಚ್ಚಿಟ್ಟು, ಒಂದೊಂದಕ್ಕೆ ತಂತಿ ಬದಲಿಸುತ್ತಿದ್ದರು. ಯಾವುದು ಚೆನ್ನಾಗಿದೆ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಅದು ಯಾವುದೆಂದು ಅವರು ತಮ್ಮ ರಸೀದಿ ಪುಸ್ತಕದ ಹಿಂದೆ ಬರೆಯುವುದು. ಬೆಳಿಗ್ಗೆ ಒಮ್ಮೆ, ಅವರು ನಮಾಜಿಗೆ ಹೋಗಿ ಊಟ ಮುಗಿಸಿ ಬಂದ ಮೇಲೆ ಮತ್ತೊಮ್ಮೆ. ಅಂಗಡಿಗೆ ತಗಡಿನ ಮಾಡು. ಮಧ್ಯಾಹ್ನ ಒಳಗೆ ಕೂರುವಂತಿರಲಿಲ್ಲ.

ಎರಡೂ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದೆವು. ಬೆಳಿಗ್ಗೆ ನಾನು ಆರಿಸಿದ್ದು ಓಂ ಬೀಚಿನ ಡಬ್ಬಿ. ಮಧ್ಯಾಹ್ನ ಆರಿಸಿದ್ದು ಸಾಹೇಬರು ಕಟ್ಟಿದ ಡಬ್ಬಿ. ಮಧ್ಯಾಹ್ನದ ನನ್ನ ಟಿಪ್ಪಣಿಯಲ್ಲಿ "ಇದು ನನ್ನದೇ, ಗೊತ್ತಾಗುತ್ತದೆ" ಎಂದು ಸ್ಪಷ್ಟವಾಗಿ ಬರೆದಿತ್ತು.

"ನಿಮ್ಮ ಮಗ ಅಂತ ನೆರೆಮನೆಯವ್ರ ಮಗನ್ನ ಎತ್ಕೊಂಡ್ರಿ," ಎಂದರು ಸಾಹೇಬರು.

ಮುಂದೆ ಎರಡು ಸಾವಿರದ ಇಸವಿಯ ಈಚೆಗೆ ಇಂಥ ಡಬ್ಬಿಗಳು ಹುಬ್ಬಳ್ಳಿಯಲ್ಲೂ ಮಂಗಳೂರಿನಲ್ಲೂ ಸುಲಭವಾಗಿ ಸಿಗತೊಡಗಿದಾಗ, ಯಾವುದನ್ನು ಕೊಳ್ಳಲಿ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ನುಡಿಸುವ ಊರಿನಲ್ಲಿ, ನುಡಿಸುವ ಹೊತ್ತಿನಲ್ಲಿ, ಕಣ್ಣಿಗೆ ಕಾಣದಂತೆ ಮುಚ್ಚಿಟ್ಟು ಕೇಳಿ ಎನ್ನುತ್ತಿದ್ದೆ. ಈ ಸಲಹೆಯನ್ನು ನಾನು ಸ್ವತಃ ಪಾಲಿಸಲಿಲ್ಲ. ಪುರಾವೆ ಎದುರಿಗಿತ್ತು, ನನ್ನ ಕೈಬರಹದಲ್ಲೇ ಇತ್ತು. ಬೇರೆಯವರ ವಿಷಯದಲ್ಲಾಗಿದ್ದರೆ ಅದನ್ನೇ ಸುದ್ದಿಯ ಮೊದಲ ಸಾಲು ಮಾಡುತ್ತಿದ್ದೆ. ಆದರೂ ಕೇಳಿದೆ: "ಇದನ್ನ ತಂಪಾಗಿ ಇಟ್ರೆ?"

ಸಾಹೇಬರು ತಲೆ ತುರಿಸಿಕೊಂಡರು. "ತಂಪು ಇದ್ರೆ ಹಾಡ್ತದೆ. ಬಂದರದಲ್ಲಿ ಐಸ್ ಏನು ಕಮ್ಮಿಯಾ?"

ಭಟ್ಕಳದ ಬಂದರಿನಿಂದ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತಂದೆ. ಸೋಪು ಹಾಕಿ, ಲಿಂಬೆಹಣ್ಣು ತಿಕ್ಕಿ, ಮೂರು ದಿನ ಬಿಸಿಲಿಗಿಟ್ಟೆ. ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸ್, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಡಬ್ಬಿ. ಮುಚ್ಚಳದ ಎರಡು ತೂತಿನಿಂದ ತಂತಿಗಳು ಹೊರಗೆ. ಡಬ್ಬಿಯನ್ನು ಕಾರ್ಯಕ್ರಮ ಮುಗಿಯುವವರೆಗೂ ಚಾಲೂ ಇಟ್ಟು, ದನಿ ತಿಳಿ ಮಾಡುವುದು, ಹರಿಯುವುದು ಎಲ್ಲವನ್ನೂ ಗಿಟಾರಿನ ತಿರುಪಿನಿಂದಲೇ ಮಾಡಿದರಾಯಿತು. ಹೊನ್ನಾವರದ ಒಂದು ಮದುವೆಯಲ್ಲಿ, ಏಪ್ರಿಲ್ ಕೊನೆಯ ಸುಡು ಮಧ್ಯಾಹ್ನ, ಇದನ್ನು ಮೊದಲ ಸಲ ಬಳಸಿದೆ. ಹಾಡಿನ ನಡುವಿನ ಗಿಟಾರ್ ತುಣುಕು ಜನವರಿಯಲ್ಲಿ ಬಂದಂತೆಯೇ ಬಂತು. ಅದಕ್ಕಿಂತ ದಪ್ಪವಾಗಿಯೂ ಬಂತು.

"ಇವತ್ತು ಎಂತ ಮಾಡ್ದ್ಯೋ?" ಎಂದರು ಮಾಸ್ತರು. "ಬಂತು ಮಾರಾಯ."

ಪ್ಯಾಡಿನವ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದ. "ಬಂಗಡೆ ಎಲ್ಲಿ? ಖಾಲಿ ಐಸ್ ತಂದಾನೆ."

ಮುಂದಿನದು ಮೇ ತಿಂಗಳಲ್ಲಿ, ಕುಮಟಾದ ಒಂದು ಮದುವೆ ಹಾಲ್. ತೋಟದ ಸೀಮೆಯ, ಮೀನು ಮುಟ್ಟದ ಹವ್ಯಕರ ಮನೆಯ ಮದುವೆ. ಊಟದ ಹೊತ್ತಿಗೆ ನಮ್ಮ ಹಾಡು. ವೇದಿಕೆ ಚಿಕ್ಕದು, ನನ್ನ ಪೆಟ್ಟಿಗೆ ಇಟ್ಟ ಕಡೆಯಿಂದ ಮೊದಲ ಪಂಕ್ತಿಯ ಬಾಳೆಲೆಗೆ ಹತ್ತು ಹೆಜ್ಜೆ ದೂರ. ಇಲ್ಲಿ ನನ್ನದೊಂದು ತಪ್ಪನ್ನು ದಾಖಲಿಸಬೇಕು. ನಾನು ಆ ಪೆಟ್ಟಿಗೆಯನ್ನು ಹಲವು ಬಾರಿ ಮೂಸಿ ನೋಡಿದ್ದೆ. ಏನೂ ಇಲ್ಲ ಎಂದು ನಿರ್ಧರಿಸಿದ್ದೆ. ಹುಟ್ಟಿದಾಗಿನಿಂದ ಮೀನು ಪೇಟೆಯ ಪಕ್ಕದಲ್ಲಿ ಬೆಳೆದವನ ಮೂಗು ಅದು. ವ್ಯಾನಿನಲ್ಲಿ ನನ್ನ ಪಕ್ಕ ಕೂರುವವರೂ ಅಂಥದೇ ಪೇಟೆಯ ಪಕ್ಕದವರು.

ಮೂರನೆಯ ಹಾಡಿಗೆ ಮದುಮಗಳ ಸೋದರಮಾವ ವೇದಿಕೆಯ ಬದಿಗೆ ಬಂದರು. ಮೊದಲು ತಮ್ಮ ಕಡೆಯವರೊಬ್ಬರಿಗೆ ಹೇಳಿದರು: "ಇಲ್ಲೇ ಇದ್ದು ನೋಡು. ವಾಸ್ನೆ ಈ ಪೆಟ್ಗೆಯಿಂದನೇ ಬತ್ತಾ ಇದ್ದು." ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ, "ತಪ್ಪು ತಿಳ್ಕಬೇಡಿ. ಇದರೊಳಗೆ ಎಂತ ಉಂಟು?" ಎಂದು ಕೇಳಿದರು.

"ಐಸ್ ಮಾತ್ರ," ಎಂದೆ.

"ಐಸಿಗೆ ಹೀಂಗೆ ವಾಸ್ನೆ ಇರೂದಿಲ್ಲ. ಜನ ಊಟಕ್ಕೆ ಕೂತಿದ್ರು. ಹೊರಗೆ ಇಡ್ಸಿ."

ಅವರು ಹೇಳಿದ್ದು ನ್ಯಾಯ. ನಾನು ಡಬ್ಬಿಯನ್ನು ಹೊರತೆಗೆದು ವೇದಿಕೆಯ ಮೇಲಿಟ್ಟೆ. ಇಬ್ಬರು ಬಂದು ಪೆಟ್ಟಿಗೆಯನ್ನು ಎರಡೆರಡು ಬೆರಳಲ್ಲಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು, ಹಿತ್ತಲಿನ ಬಾವಿಯ ಆಚೆಗೆ ಒಯ್ದರು. ಪ್ಯಾಡಿನವ ಕೋಲು ಕಚ್ಚಿಕೊಂಡು ನಗು ತಡೆಯುತ್ತಿದ್ದ.

ಡಬ್ಬಿ ತಣ್ಣಗಿದೆ, ಇನ್ನು ಅರ್ಧ ತಾಸಿಗೆ ಸಾಕು ಎಂಬುದು ನನ್ನ ಲೆಕ್ಕ. ಮೇ ತಿಂಗಳ ಕುಮಟಾದ ಗಾಳಿಯನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಫ್ರಿಜ್ಜಿನಿಂದ ತೆಗೆದಿಟ್ಟ ಸೋಡಾ ಬಾಟಲಿಯಂತೆ ಡಬ್ಬಿ ಬೆವರತೊಡಗಿತು. ಕರವಸ್ತ್ರದಿಂದ ಒರೆಸಿದೆ. ಮತ್ತೆ ಹನಿಗಳು. ಹೊರಗೆ ಒರೆಸಬಹುದಿತ್ತು; ಒಳಗೂ ಅಷ್ಟೇ ನೀರು ಕೂತಿತ್ತು. ಆ ಹಾಡು ಬಂತು. ಗಿಟಾರ್ ತುಣುಕಿನ ಮೊದಲ ಸ್ವರ ಹೊಡೆದಾಗ ಒಣ ಕಡ್ಡಿ ಮುರಿದಂತೆ ಒಂದು ಸದ್ದಾಯಿತು. ಎರಡನೆಯ ಸ್ವರಕ್ಕೆ ಸದ್ದೇ ಇರಲಿಲ್ಲ.

ಮಾಸ್ತರು ನನ್ನ ಕಡೆ ನೋಡಲೂ ಇಲ್ಲ. ಬಲಗೈಯಿಂದ ಒಂದು ಗುಂಡಿ ಒತ್ತಿ, ಮೂರನೆಯ ಸ್ವರದಿಂದ ಕೀಬೋರ್ಡಿನಲ್ಲಿ ಎತ್ತಿಕೊಂಡರು. ತುಣುಕು ಕೊನೆಯವರೆಗೆ ಸರಿಯಾಗಿ ಮುಗಿಯಿತು. ನಾನು ಪಂಕ್ತಿಯ ಕಡೆ ನೋಡಿದೆ. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

ಸಾಮಾನು ಕಟ್ಟುವಾಗ ಮಾಸ್ತರು ಬೈಯಲಿಲ್ಲ. "ಮುಟ್ಟಳ್ಳಿಯದು ಒಂದು ಬಾಕಿ ಇದೆ. ಅದೇ ಈ ಸೀಸನ್ನಿನ ಕೊನೇದು," ಎಂದರು. "ಅದ್ರಲ್ಲಿ ನೋಡ್ವ."

ಮರುದಿನ ಭಟ್ಕಳಕ್ಕೆ ಹೋದೆ. ಸಾಹೇಬರು ಡಬ್ಬಿಯನ್ನು ಬಿಚ್ಚಿ ಬಲ್ಬಿನ ಕೆಳಗೆ ಒಣಗಲು ಇಟ್ಟರು. ಉಳಿದ ಎರಡನ್ನೂ ಮೇಜಿನ ಮೇಲೆ ಇಟ್ಟರು: ತಾವು ಕಟ್ಟಿದ್ದು ಮತ್ತು ದುಬೈಯದು.

"ನಿಮ್ಗೆ ಬೇಕಾದ್ದು ಯಾವ್ದು?"

"ನೀವು ಕಟ್ಟಿದ್ದು."

"ಮಾಸ್ತರಿಗೆ ಬೇಕಾದ್ದು?"

ಸ್ವಲ್ಪ ಹೊತ್ತು ಎರಡನ್ನೂ ನುಡಿಸಿದೆ. ಸಾಹೇಬರ ಡಬ್ಬಿಯಲ್ಲಿ ಹಳೆಯದರ ಸ್ವಭಾವ ಬಹಳಷ್ಟು ಉಳಿದಿತ್ತು. ಗಿಟಾರಿನ ತಿರುಪು ಇಳಿಸಿದರೆ ಸ್ವಲ್ಪ ತಿಳಿಯಾಗುತ್ತಿತ್ತು, ಜೋರಾಗಿ ಮೀಟಿದರೆ ಅಂಚು ಹರಿಯುತ್ತಿತ್ತು. ದುಬೈಯದು ಹಾಗಲ್ಲ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ದಪ್ಪ, ಒಂದೇ ನುಣುಪು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದು ಬದಲಾಗಲಿಲ್ಲ. ಕ್ಯಾಸೆಟ್ ಹಾಕಿ ಪಕ್ಕದಲ್ಲಿ ನುಡಿಸಿದಾಗ ಹೆಚ್ಚು ಹೊಂದಿದ್ದು ಅದೇ.

"ಇದು," ಎಂದೆ.

"ಆಯ್ತು," ಎಂದರು ಸಾಹೇಬರು. ತಾವು ಕಟ್ಟಿದ್ದನ್ನು ಡ್ರಾಯರಿಗೆ ಹಾಕಿದರು. ಬೇಸರವಾಯಿತೋ ಏನೋ, ಮುಖದಲ್ಲಿ ಕಾಣಲಿಲ್ಲ. ಟೀ ತರಿಸಿದರು.

ಭಟ್ಕಳದ ಹತ್ತಿರದ ಮುಟ್ಟಳ್ಳಿಯದು ಮನೆಯಂಗಳದ ಚಪ್ಪರದಲ್ಲಿ, ಸಂಜೆ ನಾಲ್ಕಕ್ಕೆ ಶುರುವಾಗುವ ಆರತಕ್ಷತೆ. ಸೆಕೆ ಹಿಂದಿನ ಎರಡೂ ಮದುವೆಗಳಿಗಿಂತ ಹೆಚ್ಚಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಗಾಯಕಿಯೂ ಬಂದಿದ್ದಳು, ತನ್ನ ಅಣ್ಣನ ಬೈಕಿನಲ್ಲಿ, ಕುಮಟಾದಿಂದ ಅಷ್ಟು ದೂರ. ವ್ಯಾನಿನಲ್ಲಿ ಜಾಗವಿಲ್ಲ ಎಂದು ಆಕೆಗೆ ಹೇಳಿದ್ದು ನನ್ನ ಕಾರಣಕ್ಕೆ. ನನಗೆ ನಮಸ್ಕಾರ ಮಾಡಿದಳು. ಸೀರೆಯ ಅಂಚಿನ ತುಂಬ ರಸ್ತೆಯ ಕೆಂಪು ಧೂಳು ಇತ್ತು.

ಶುರುವಾಗುವ ಮೊದಲು ಮಾಸ್ತರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆ ಹಾಡಲ್ಲಿ ಪೀಸು ಎರಡು ಸಲ ಬರ್ತದಲಾ? ಒಂದು ನೀನು ಬಾರ್ಸು, ಒಂದು ನಾನು. ಯಾವ್ದು ಯಾರು ಅಂತ ಯಾರಿಗೂ ಹೇಳೂದು ಬೇಡ."

ಭಟ್ಕಳದಲ್ಲಿ ನಾನು ಮಾಡಿದ ಪರೀಕ್ಷೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವರು ತಮ್ಮಷ್ಟಕ್ಕೇ ಯೋಚಿಸಿದ್ದರು. ಮೊದಲನೆಯದು ನನ್ನದು ಎಂದು ನಿರ್ಧಾರವಾಯಿತು. ವಾದ್ಯದವರೆಲ್ಲ ಜನರ ಕಡೆಗೆ ಮುಖ ಮಾಡಿರುತ್ತಿದ್ದರು. ಮಾಸ್ತರೂ ನಾನೂ ಹಿಂದಿನ ಸಾಲಿನಲ್ಲಿ.

ಡಬ್ಬಿ ಒಂದು ಚೂರೂ ತಪ್ಪಲಿಲ್ಲ. ಕಾಲಿಟ್ಟು ಒತ್ತಿದೆ, ಬಂತು. ಮತ್ತೆ ಒತ್ತಿದೆ, ನಿಂತಿತು. ಸೀಸನ್ ಇಡೀ ನಾನು ಬಯಸಿದ್ದು ಇದನ್ನೇ. ಎರಡನೆಯ ಸಲ ಮಾಸ್ತರು ಕೀಬೋರ್ಡಿನಲ್ಲಿ ನುಡಿಸಿದಾಗ ನಾನು ಕೈಯನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ನಿಂತಿದ್ದೆ. ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಯಿತು. ನಾನೇ ನುಡಿಸಿಲ್ಲ ಎಂದು ತಿಳಿದಿದ್ದರಿಂದ ಗೊತ್ತಾಯಿತೋ, ನಿಜಕ್ಕೂ ಗೊತ್ತಾಯಿತೋ ಹೇಳಲಾರೆ.

ಚಹಾ ಕುಡಿಯುವಾಗ ಮಾಸ್ತರು ಪ್ಯಾಡಿನವನನ್ನು ಕೇಳಿದರು: "ಇವ್ನು ಬಾರ್ಸಿದ್ದು ಯಾವ್ದು, ಮೊದಲ್ನೇದೋ ಎರಡ್ನೇದೋ?"

"ಎರಡೂ ಇವ್ನೇ ಅಲ್ದಾ?"

"ಅಲ್ಲ. ಒಂದು ನಾನು."

ಅವನು ಚಹಾದ ಲೋಟ ಕೆಳಗಿಟ್ಟು ಯೋಚಿಸಿದ. "ಹಂಗಾರೆ ಎರಡ್ನೇದು ಇವ್ನು. ಅದ್ರಲ್ಲಿ ಸ್ವಲ್ಪ ಜೀವ ಇತ್ತು."

ಗಾಯಕನನ್ನು ಕೇಳಿದರು. ಅವನೂ ಎರಡನೆಯದೇ ಎಂದ. "ಹಳೇ ಡಬ್ಬಿ ಇದ್ದಿದ್ರೆ ನಿದ್ದೆಯಲ್ಲೂ ಹೇಳ್ತಿದ್ದೆ," ಎಂದ. "ಅದು ಕೂಗಿದ್ರೆ ನಂಗೆ ಶ್ರುತಿಯೇ ತಪ್ತಿತ್ತು. ಇದು ಮಾಸ್ತರ ಕೀಬೋರ್ಡ್ ಹಾಂಗೇ ಉಂಟು."

ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ, ನಾನೂ ನಗಲಿಲ್ಲ. ಇಬ್ಬರಿಗೂ ಒಂದೇ ಹೊತ್ತಿಗೆ ಅರ್ಥವಾಗಿತ್ತು. ಅವರು ಕೇಳಿದ್ದನ್ನು ನಾನು ಪೂರ್ತಿ ಒಪ್ಪಿಸಿದ್ದೆ. ಪ್ರತಿ ಸಲ ಬರುವ, ಎಲ್ಲಿಯೂ ತಪ್ಪದ ಒರಟು ದನಿ ಅವರ ಬಲಗೈಯ ಗುಂಡಿಯಲ್ಲಿ ಮೊದಲೇ ಇತ್ತು.

"ಬಂತು," ಎಂದರು ಅವರು. "ಸುಳ್ಳು ಹೇಳೂದಿಲ್ಲ, ಬರಾಬರ್ ಬಂತು."

"ಹೌದು," ಎಂದೆ. "ವಾಪಸ್ ಹೋಗೂವಾಗ ಆ ಹುಡ್ಗಿ ವ್ಯಾನಲ್ಲೇ ಬರ್ಲಿ. ಹೊನ್ನಾವರದವರೆಗೆ ಹೇಗೂ ಅಡ್ಜಸ್ಟ್ ಮಾಡ್ಕೊಳ್ಬಹುದು. ನಾನು ಅಲ್ಲಿ ಇಳೀತೆ."

ಮಾಸ್ತರು ನನ್ನ ಮುಖ ನೋಡಿದರು. ನಾನು ಆ ದಿನದ ಪ್ರಯಾಣದ ಮಾತಷ್ಟೇ ಆಡುತ್ತಿಲ್ಲವೆಂದು ಅವರಿಗೆ ಗೊತ್ತಾಯಿತು. "ಭಾನುವಾರ ಪುರಸೊತ್ತು ಆದಾಗ ಬಾ, ಸುಮ್ನೆ ಕೂತ್ಕೊಳ್ಳೂಕೆ," ಎಂದರು. ಬರುತ್ತೇನೆ ಎಂದೆ.

ಹಿಂದಿರುಗುವಾಗ ಎಂಟು ಜನ ಒತ್ತಿ ಕೂತಿದ್ದೆವು. ಗಾಯಕಿಯ ಅಣ್ಣ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಮಂಕಿ ದಾಟುವಾಗ ಮೊದಲ ಮಳೆಯ ದಪ್ಪ ಹನಿಗಳು ಬಿದ್ದವು, ಅವನನ್ನೂ ಒಳಗೆ ಕರೆಯಬೇಕೇ ಎಂದು ಚರ್ಚೆಯಾಯಿತು, ಅಷ್ಟರಲ್ಲಿ ಮಳೆ ನಿಂತಿತು. ಪ್ಯಾಡಿನವ ನನ್ನ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ದಾರಿಯುದ್ದಕ್ಕೂ ಗೊಣಗುತ್ತಿದ್ದ. ಶರಾವತಿ ಸೇತುವೆ ದಾಟಿ ಬಸ್ ನಿಲ್ದಾಣದ ಎದುರು ವ್ಯಾನ್ ನಿಂತಿತು. ನಾನು ಇಳಿದೆ. ಗಿಟಾರನ್ನೂ ಡಬ್ಬಿಯ ಚೀಲವನ್ನೂ ಕಿಟಕಿಯಿಂದ ಕೊಟ್ಟರು. ಮರುದಿನದ ಪುಟಕ್ಕೆ ಒಂದು ಸುದ್ದಿ ಕಳಿಸುವುದು ಬಾಕಿ ಇತ್ತು, ಬೂತ್ ಮುಚ್ಚುವ ಮುಂಚೆ ಹೋಗಬೇಕಿತ್ತು. ಆದರೂ ವ್ಯಾನ್ ಕುಮಟಾ ಕಡೆ ಹೊರಡುವವರೆಗೆ ನಿಂತೆ. ಗಾಯಕಿ ಕಿಟಕಿಯ ಪಕ್ಕಕ್ಕೆ ಸರಿದು ಕೂತು, ಗಾಜನ್ನು ಏರಿಸಲು ನೋಡುತ್ತಿದ್ದಳು. ಆ ಗಾಜು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಮೇಲಿನ ಅಂಚು ಹಿಡಿದು ಎತ್ತಬೇಕು. ಹೊರಗಿನಿಂದಲೇ ಕೈ ಹಾಕಿ ಎತ್ತಿಕೊಟ್ಟೆ.